ಕಟಕ್ ಅನ್ನುವ ದವಡೆ, ತೆರೆಯದ ಬಾಯಿ: ದವಡೆ ಕೀಲಿನ ನೋವಿಗೆ ಒಂದೇ ಹೆಸರಲ್ಲ

ಹೋದ ಎಳ್ಳಮಾವಾಸ್ಯೆ ಮುಗಿದ ವಾರ ಕಲಬುರಗಿಯ ನನ್ನ ಕ್ಲಿನಿಕ್ಕಿಗೆ ಮೂವರು ಬಂದರು. ಮೂವರ ಕೈಯಲ್ಲೂ ಹಳೆಯ ಚೀಟಿ ಇತ್ತು. ಮೂರರಲ್ಲೂ ಬರೆದದ್ದು ಒಂದೇ ಮಾತು: ಟಿ.ಎಂ.ಜೆ. ನೋವು, ಅಂದರೆ ದವಡೆ ಕೀಲಿನ ನೋವು. ಮೂವರಿಗೂ ಅದೇ ಗುಳಿಗೆ, ಅದೇ ಐದು ದಿನ.

ಮೊದಲನೆಯವರು ಆಳಂದ ಕಡೆಯ ಶಾಲಾ ಶಿಕ್ಷಕಿ. "ಮೇಡಂ, ಬಲಗಡಿ ಕಿವಿ ಮುಂದ ಕಟಕ್ ಕಟಕ್ ಅಂತದರಿ. ನೋವೇನಿಲ್ಲ. ಆದ್ರ ಊಟಕ್ಕ ಕುಂತ್ರ ಬಾಜೂದವ್ರಿಗಿ ಕೇಳಸ್ತದ," ಎಂದರು. ಎರಡನೆಯವರು ತೊಗರಿ ಬೆಳೆಯುವ ರೈತರು, ಐವತ್ತರ ಆಸುಪಾಸು. ಮುಂಜಾನೆ ಏಳುವಾಗ ಎರಡೂ ಕೆನ್ನೆ ಬಿಗಿದಿರುತ್ತವೆ, ಕಣತಲೆ ಸಿಡಿಯುತ್ತದೆ. ದವಡೆ ಹಲ್ಲೇ ನೋಯುತ್ತಿದೆ ಎಂದು ಒಂದು ಹಲ್ಲು ಕೀಳಿಸಿಯೂ ಆಗಿತ್ತು. ಹಲ್ಲು ಹೋಯಿತು, ನೋವು ಉಳಿಯಿತು. ಮೂರನೆಯವಳು ಕಾಲೇಜು ಹುಡುಗಿ. ಎರಡು ವರ್ಷದಿಂದ ಕಟಕ್ ಅನ್ನುತ್ತಿದ್ದ ದವಡೆ ಹತ್ತು ದಿನದ ಹಿಂದೆ ಸದ್ದು ನಿಲ್ಲಿಸಿತ್ತು. "ಆರಾಮ ಆತು ಅಂತ ತಿಳ್ಕೊಂಡಿದ್ದೆರಿ. ನೋಡಿದ್ರ ಬಾಯೇ ತೆರಿಲಿಕ್ಕ ಬರವಲ್ದು," ಎಂದು ಅತ್ತಳು. ಅವಳ ಬಾಯೊಳಗೆ ಎರಡು ಬೆರಳೂ ಸಲೀಸಾಗಿ ಹೋಗುತ್ತಿರಲಿಲ್ಲ.

ಮೂವರ ತೊಂದರೆಯೂ ಬೇರೆ ಬೇರೆ. ಶಿಕ್ಷಕಿಗೆ ಚಿಕಿತ್ಸೆಯೇ ಬೇಕಿರಲಿಲ್ಲ. ರೈತರ ಕೀಲು ಚೆನ್ನಾಗಿಯೇ ಇತ್ತು, ನೋಯುತ್ತಿದ್ದದ್ದು ಸ್ನಾಯು. ಹುಡುಗಿಯ ಕೀಲಿನೊಳಗಿನ ಡಿಸ್ಕ್ ಜಾಗ ಬಿಟ್ಟು ಸರಿದಿತ್ತು. ಟಿ.ಎಂ.ಜೆ. ಅನ್ನೋದು ಕೀಲಿನ ಹೆಸರು, ಕಾಯಿಲೆಯ ಹೆಸರಲ್ಲ. ಮೊಣಕಾಲು ನೋವೆಂದು ಬಂದವರ ಚೀಟಿಯಲ್ಲಿ "ಮೊಣಕಾಲು" ಎಂದಷ್ಟೇ ಬರೆದರೆ ಏನು ಗೊತ್ತಾಗುತ್ತದೆ? ಇದೂ ಹಾಗೆಯೇ. ಅದಕ್ಕೇ ಇಲ್ಲಿ ಚಿಕಿತ್ಸೆಗಿಂತ ಮೊದಲು ವಿಂಗಡಣೆಯ ಮಾತು. ಯಾವುದು ನೋಯುತ್ತಿದೆ ಎಂದು ಗೊತ್ತಾದರೆ ಏನು ಮಾಡಬೇಕು, ಅದಕ್ಕಿಂತ ಹೆಚ್ಚಾಗಿ ಏನು ಮಾಡಬಾರದು ಎನ್ನುವುದು ತಿಳಿಯುತ್ತದೆ.

ಕೀಲಿನೊಳಗೆ ಏನಿದೆ

ಕಿವಿಯ ಮುಂದೆ, ಒಂದು ಬೆರಳಗಲ ಮುಂದಕ್ಕೆ, ಎರಡೂ ಕಡೆ ತೋರುಬೆರಳು ಇಟ್ಟು ಬಾಯಿ ತೆರೆದು ಮುಚ್ಚಿ. ಬೆರಳ ಕೆಳಗೆ ಏನೋ ಮುಂದಕ್ಕೆ ಜಾರಿ ಹಿಂದಕ್ಕೆ ಬರುತ್ತದೆ ಅಲ್ವಾ? ಅದು ಕೆಳದವಡೆಯ ಮೇಲ್ತುದಿ, ಗುಂಡಗಿನ ಮೂಳೆ. ತಲೆಬುರುಡೆಯ ಒಂದು ಗುಳಿಯಲ್ಲಿ ಅದು ಕೂತಿದೆ. ಎರಡು ಮೂಳೆಯ ನಡುವೆ ಪುಟ್ಟ ಗಾದಿಯಂಥದ್ದೊಂದು ಇದೆ. ಅದೇ ಡಿಸ್ಕ್. ನಡುವೆ ತೆಳು, ಹಿಂದೆ ಮುಂದೆ ದಪ್ಪ. ಡಿಸ್ಕಿನ ನಡುಭಾಗದಲ್ಲಿ ನರವೂ ಇಲ್ಲ, ರಕ್ತನಾಳವೂ ಇಲ್ಲ. ಹಾಗಾಗಿ ದಿನವಿಡೀ ಒತ್ತಡ ಬಿದ್ದರೂ ಅದು ನೋಯುವುದಿಲ್ಲ. ಆದರೆ ಅದರ ಹಿಂದಿರುವ ಮೆತ್ತನೆಯ ಪದರದಲ್ಲಿ ನರ, ರಕ್ತನಾಳ ಎರಡೂ ತುಂಬಿಕೊಂಡಿವೆ. ಡಿಸ್ಕ್ ಮುಂದಕ್ಕೆ ಜಾರಿದರೆ ಮೂಳೆ ಹೋಗಿ ಕೂರುವುದು ಈ ಪದರದ ಮೇಲೆ.

ಈ ಕೀಲು ಎರಡು ಕೆಲಸ ಮಾಡುತ್ತದೆ. ಬಾಯಿ ತೆರೆಯುವಾಗ ಮೊದಲ 20ರಿಂದ 25 ಮಿಲಿಮೀಟರ್ ತನಕ ಬಾಗಿಲ ಕೀಲಿನಂತೆ ತಿರುಗುತ್ತದೆ. ಆಮೇಲೆ ಗುಳಿ ಬಿಟ್ಟು ಮುಂದಕ್ಕೆ ಜಾರುತ್ತದೆ. ಎಡ ಬಲ ಎರಡೂ ಕೀಲು ಒಂದೇ ಮೂಳೆಯ ಎರಡು ತುದಿ. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳ ಹಾಗೆ. ಒಂದು ನಿಂತರೆ ಇನ್ನೊಂದು ಸೀದಾ ನಡೆಯಲಾರದು, ಗಾಡಿ ನಿಂತ ಎತ್ತಿನ ಕಡೆಗೆ ವಾಲುತ್ತದೆ. ದವಡೆಯೂ ಹಾಗೆಯೇ ವಾಲುತ್ತದೆ. ಆ ಹುಡುಗಿ ಬಾಯಿ ತೆರೆದಾಗ ಗದ್ದ ಎಡಕ್ಕೆ ಸರಿಯುತ್ತಿತ್ತು. ಸಿಕ್ಕಿಕೊಂಡದ್ದು ಎಡಗೀಲು ಎಂದು ಅಲ್ಲೇ ಅರ್ಧ ಗೊತ್ತಾಯಿತು.

ಇದನ್ನೆಲ್ಲ ಆಡಿಸುವುದು ಸ್ನಾಯುಗಳು. ಹಲ್ಲು ಕಚ್ಚಿದಾಗ ಕೆನ್ನೆಯ ಹಿಂಭಾಗದಲ್ಲಿ ಗಟ್ಟಿಯಾಗಿ ಉಬ್ಬುವುದು ಒಂದು, ಕಣತಲೆಯ ಮೇಲೆ ಬೀಸಣಿಗೆಯಂತೆ ಹರಡಿರುವುದು ಇನ್ನೊಂದು. ದವಡೆಯ ಒಳಬದಿಯಲ್ಲಿ ಇನ್ನೂ ಎರಡು ಇವೆ, ಅವು ಕೈಗೆ ಸುಲಭವಾಗಿ ಸಿಗುವುದಿಲ್ಲ.

ದೊಡ್ಡವರಲ್ಲಿ ಬಾಯಿ ಸಾಮಾನ್ಯವಾಗಿ 40ರಿಂದ 55 ಮಿಲಿಮೀಟರ್ ತೆರೆಯುತ್ತದೆ. ಸ್ಕೇಲ್ ಇಲ್ಲದಿದ್ದರೆ ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಮುಂದಿನ ಹಲ್ಲುಗಳ ನಡುವೆ ಹಿಡಿಸುತ್ತವೆಯೇ ನೋಡಿ. ಹಿಡಿಸಿದರೆ ಚಿಂತೆಯಿಲ್ಲ.

ಹೆಸರು ಇಡಲು ಎಂಬತ್ತು ವರ್ಷ

1934ರಲ್ಲಿ ಜೇಮ್ಸ್ ಕಾಸ್ಟನ್ ಎಂಬ ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯರು ಒಂದು ಲೇಖನ ಬರೆದರು. ಕಿವಿನೋವು, ಕಿವಿಯಲ್ಲಿ ಗುಂಯ್ ಸದ್ದು, ತಲೆನೋವು ಎಂದು ಬರುವ ಕೆಲವರ ತೊಂದರೆಗೆ ಮೂಲ ದವಡೆ ಕೀಲು ಎಂದರು. ಹಿಂದಿನ ಹಲ್ಲು ಹೋಗಿ ದವಡೆ ಜಾಸ್ತಿ ಮುಚ್ಚಿಕೊಳ್ಳುವುದರಿಂದ ಹೀಗಾಗುತ್ತದೆ ಎಂಬುದು ಅವರ ವಿವರಣೆ. ಆ ವಿವರಣೆ ಮುಂದೆ ನಿಲ್ಲಲಿಲ್ಲ. ಆದರೆ "ಹಲ್ಲಿನ ಕಚ್ಚುವಿಕೆ ಸರಿಮಾಡಿದರೆ ದವಡೆ ನೋವು ಹೋಗುತ್ತದೆ" ಎಂಬ ನಂಬಿಕೆ ಅಲ್ಲಿಂದ ಹೊರಟು ದಶಕಗಳ ಕಾಲ ಬಾಳಿತು. ಎಷ್ಟೋ ಜನರ ಒಳ್ಳೆಯ ಹಲ್ಲುಗಳನ್ನು ಉಜ್ಜಿ ತಗ್ಗಿಸಿದ್ದು ಈ ನಂಬಿಕೆಯಿಂದ.

1992ರಲ್ಲಿ ಸಂಶೋಧಕರು ಮೊದಲ ಸಲ ಅಳೆಯಬಹುದಾದ, ಎಲ್ಲರೂ ಒಂದೇ ರೀತಿ ಪರೀಕ್ಷಿಸಬಹುದಾದ ವಿಂಗಡಣೆ ಕೊಟ್ಟರು. ಅದನ್ನು ತಿದ್ದಿ, ಪರೀಕ್ಷೆಗೆ ಒಡ್ಡಿ, 2014ರಲ್ಲಿ ಹೊಸ ರೂಪ ಬಂತು. ಡಿ.ಸಿ.-ಟಿ.ಎಂ.ಡಿ. ಎಂದು ಅದರ ಚಿಕ್ಕ ಹೆಸರು. ಟಿ.ಎಂ.ಡಿ. ಎಂದರೆ ದವಡೆಯ ಕೀಲು ಮತ್ತು ಸ್ನಾಯುಗಳ ತೊಂದರೆಗಳ ಇಡೀ ಗುಂಪು. ಈ ವಿಂಗಡಣೆಯಲ್ಲಿ ಸಾಮಾನ್ಯವಾಗಿ ಕಾಣುವ 12 ರೋಗನಿರ್ಣಯಗಳಿವೆ. ಹನ್ನೆರಡನ್ನೂ ನೆನಪಿಡುವುದು ಬೇಡ. ಅವು ಎರಡು ದಾರಿಯಲ್ಲಿ ಬರುತ್ತವೆ: ನೋವಿನ ದಾರಿ, ಕೀಲಿನ ಚಲನೆಯ ದಾರಿ. ಒಬ್ಬರಿಗೇ ಎರಡೂ ಇರಬಹುದು.

ನನಗೆ ಈ ವಿಂಗಡಣೆಯಲ್ಲಿ ತುಂಬಾ ಇಷ್ಟವಾಗುವುದು ಒಂದು ಪ್ರಶ್ನೆ. ಸ್ನಾಯುವಿನ ಮೇಲೆ ಸುಮಾರು ಒಂದು ಕಿಲೋ ಭಾರದಷ್ಟು ಒತ್ತಿ, ವೈದ್ಯರು "ನೋಯಿತೇ?" ಎಂದಷ್ಟೇ ಕೇಳಬಾರದು. "ಇದು ನಿಮಗೆ ಬರುವ ಅದೇ ನೋವೇ?" ಎಂದು ಕೇಳಬೇಕು. ಯಾರ ಕೆನ್ನೆಯನ್ನೇ ಆಗಲಿ ಗಟ್ಟಿಯಾಗಿ ಒತ್ತಿದರೆ ಸ್ವಲ್ಪ ನೋಯುತ್ತದೆ. ಕಳೆದ 30 ದಿನಗಳಲ್ಲಿ ರೋಗಿಯನ್ನು ಕಾಡಿದ ನೋವು ಬೆರಳ ಕೆಳಗೆ ಮರಳಿ ಬಂದರೆ ಮಾತ್ರ ಅದಕ್ಕೆ ಅರ್ಥವಿದೆ. ಒಂದು ಕಿಲೋ ಎಂದರೆ ಎಷ್ಟು ಎಂದು ತಿಳಿಯಲು ನಾನು ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಬೆರಳೊತ್ತಿ ರೂಢಿ ಮಾಡಿಕೊಂಡೆ. ನಾನು ಅಂದುಕೊಂಡದ್ದಕ್ಕಿಂತ ಅದು ಜಾಸ್ತಿಯೇ ಇತ್ತು.

ರೈತರ ಕೆನ್ನೆ ಒತ್ತಿ ಐದು ಸೆಕೆಂಡ್ ಹಿಡಿದೆ. "ಹಾಂ, ಇದೇ ನೋಡ್ರಿ ಮೇಡಂ! ಆ ಹಲ್ಲಿನಾಗ ಬಂತು," ಎಂದು ಅವರು ಖಾಲಿ ಜಾಗಕ್ಕೆ ಬೆರಳಿಟ್ಟರು. ಕಿತ್ತ ಹಲ್ಲಿನ ಜಾಗ ಅದು.

ಸ್ನಾಯುವಿನ ನೋವು ಒತ್ತಿದ ಕಡೆಯಲ್ಲೇ ನಿಲ್ಲಬಹುದು. ಅದೇ ಸ್ನಾಯುವಿನ ಉದ್ದಕ್ಕೂ ಹರಡಬಹುದು. ಇಲ್ಲವೇ ಸ್ನಾಯುವಿನ ಗಡಿ ದಾಟಿ ಹಲ್ಲಿಗೆ, ಕಿವಿಗೆ, ಕಣ್ಣಿನ ಹಿಂದಕ್ಕೆ ಹೋಗಬಹುದು. ಈ ಮೂರನೆಯದೇ ಎಲ್ಲರನ್ನೂ ದಾರಿ ತಪ್ಪಿಸುವುದು. ಹುಳುಕಿಲ್ಲ, ಎಕ್ಸ್-ರೇಯಲ್ಲಿ ಏನೂ ಇಲ್ಲ, ತಣ್ಣೀರು ತಾಗಿದರೂ ಜುಮ್ಮೆನ್ನುವುದಿಲ್ಲ, ಆದರೂ ಹಲ್ಲು ನೋಯುತ್ತದೆ ಎಂದರೆ ಹಲ್ಲು ಕೀಳುವ, ಬೇರಿನ ಚಿಕಿತ್ಸೆ ಮಾಡುವ ಮೊದಲು ಕೆನ್ನೆಯ ಸ್ನಾಯು ಒತ್ತಿ ನೋಡಲೇಬೇಕು. ಇದನ್ನು ನಾನು ಕೈಮುಗಿದು ಹೇಳುತ್ತೇನೆ. ಕಿತ್ತ ಹಲ್ಲು ವಾಪಸ್ ಬರುವುದಿಲ್ಲ.

ನೋವಿನ ದಾರಿಯಲ್ಲಿ ಇನ್ನೆರಡಿವೆ. ಕೀಲಿನ ಮೇಲೆಯೇ ಒತ್ತಿದಾಗ ಅದೇ ನೋವು ಬಂದರೆ ಅದು ಕೀಲುನೋವು. ದವಡೆ ಆಡಿಸಿದಾಗ ಕಣತಲೆಯ ತಲೆನೋವು ಏರಿ ಇಳಿದರೆ, ಅಲ್ಲಿನ ಸ್ನಾಯು ಒತ್ತಿದಾಗ ಅದೇ ತಲೆನೋವು ಬಂದರೆ, ಅದು ದವಡೆಯಿಂದ ಬಂದ ತಲೆನೋವು. ವರ್ಷಗಟ್ಟಲೆ ತಲೆನೋವಿನ ಗುಳಿಗೆ ನುಂಗುತ್ತಿರುವ ಕೆಲವರು ಈ ಗುಂಪಿನವರು.

ಡಿಸ್ಕ್ ಜಾರಿದಾಗ

ಈಗ ಚಲನೆಯ ದಾರಿ. ಬಾಯಿ ಮುಚ್ಚಿದಾಗ ಡಿಸ್ಕ್ ಮೂಳೆಯ ತಲೆಯ ಮೇಲೆ ಟೋಪಿಯಂತೆ ಕೂತಿರಬೇಕು. ಕೆಲವರಲ್ಲಿ ಅದು ಮುಂದಕ್ಕೆ ಜಾರಿರುತ್ತದೆ. ಬಾಯಿ ತೆರೆಯುವಾಗ ಮೂಳೆ ಮುಂದೆ ಬಂದು, ಡಿಸ್ಕಿನ ದಪ್ಪ ಅಂಚು ಹತ್ತಿ, ಅದರ ಮೇಲೆ ಕೂರುತ್ತದೆ. ಆಗ ಕೇಳುವುದೇ ಕಟಕ್. ಮುಚ್ಚುವಾಗ ಮತ್ತೆ ಜಾರುತ್ತದೆ, ಇನ್ನೊಂದು ಸಣ್ಣ ಸದ್ದು. ಶಿಕ್ಷಕಿಗೆ ಇದ್ದದ್ದು ಇದು. ನೋವಿಲ್ಲ, ಬಾಯಿ ಪೂರ್ತಿ ತೆರೆಯುತ್ತದೆ, ಸಿಕ್ಕಿಕೊಳ್ಳುವುದಿಲ್ಲ. ಇಂಥ ಸದ್ದು ತುಂಬಾ ಜನರಲ್ಲಿದೆ, ಹೆಚ್ಚಿನವರಿಗೆ ಜೀವನವಿಡೀ ಬೇರೇನೂ ಆಗುವುದಿಲ್ಲ. ಸದ್ದು ನಿಲ್ಲಿಸಲೆಂದು ಚಿಕಿತ್ಸೆ ಮಾಡಬಾರದು. ಅವರಿಗೆ ನಾನು ಹೇಳಿದ್ದು ಇಷ್ಟೇ: "ಅಕ್ಕಾರ, ಬಾಯಿ ಆಗಾಗ ಸಿಕ್ಕೊಳ್ಳಾಕ ಸುರು ಆದ್ರ, ನೋವು ಬಂದ್ರ ಬರ್ರಿ. ಇಲ್ಲಂದ್ರ ಆರಾಮ ಇರ್ರಿ."

ಕೆಲವರಲ್ಲಿ ಕಟಕ್ ಜೊತೆ ಬಾಯಿ ಒಮ್ಮೊಮ್ಮೆ ಸಿಕ್ಕಿಕೊಂಡು, ದವಡೆ ಅತ್ತಿತ್ತ ಆಡಿಸಿದ ಮೇಲೆ ಬಿಡುತ್ತದೆ. ಇದು ಮುಂದಿನ ಮೆಟ್ಟಿಲು. ಅದರ ಮುಂದಿನದು ಹುಡುಗಿಗೆ ಆದದ್ದು: ಡಿಸ್ಕ್ ಮುಂದೆಯೇ ಉಳಿಯಿತು, ಮೂಳೆಗೆ ಅದನ್ನು ಹತ್ತಲು ಆಗಲಿಲ್ಲ, ಬಾಯಿ ಅರ್ಧಕ್ಕೆ ನಿಂತಿತು. ಹತ್ತಿದರೆ ತಾನೆ ಕಟಕ್? ಅದಕ್ಕೇ ಸದ್ದು ನಿಂತದ್ದು. ಸದ್ದು ನಿಂತ ದಿನವೇ ಬಾಯಿ ಬಿಗಿದರೆ ಅದು ವಾಸಿಯಾದ ಲಕ್ಷಣವಲ್ಲ, ಬೇಗ ತೋರಿಸಬೇಕಾದ ಲಕ್ಷಣ. ವೈದ್ಯರು ಬೆರಳಿನಿಂದ ಮೆಲ್ಲಗೆ ಅಗಲಿಸಿದ ಮೇಲೂ 40 ಮಿಲಿಮೀಟರ್ ಆಗದಿದ್ದರೆ ಬಾಯಿ ಕಟ್ಟಿದೆ ಎಂದು ಲೆಕ್ಕ. ಅವಳದು 27 ಇತ್ತು. ತಿಂಗಳುಗಳು ಕಳೆದಂತೆ ಕೆಲವರ ಬಾಯಿ ತಾನೇ ಅಗಲವಾಗುತ್ತದೆ. ಡಿಸ್ಕ್ ಮುಂದೆಯೇ ಇರುತ್ತದೆ, ಆದರೆ ಹಿಂದಿನ ಪದರ ಒಗ್ಗಿಕೊಂಡು ಗಟ್ಟಿಯಾಗಿ ಗಾದಿಯ ಕೆಲಸ ಮಾಡತೊಡಗುತ್ತದೆ. ವಿಂಗಡಣೆಯಲ್ಲಿ ಇದಕ್ಕೂ ಒಂದು ಹೆಸರಿದೆ: ಡಿಸ್ಕ್ ವಾಪಸ್ ಬರದೆ ಇದ್ದರೂ ಬಾಯಿ ತೆರೆಯುವ ಸ್ಥಿತಿ. ದೇಹ ತನ್ನಷ್ಟಕ್ಕೆ ಇಷ್ಟು ದುರಸ್ತಿ ಮಾಡಿಕೊಳ್ಳುತ್ತದೆ ಎಂದು ಗೊತ್ತಿದ್ದರೆ ಆಪರೇಷನ್ನಿಗೆ ಅವಸರ ಮಾಡುವುದಿಲ್ಲ.

ಕೀಲಿನ ಮೂಳೆಯೇ ಸವೆದರೆ ಸದ್ದು ಬೇರೆ. ಕಟಕ್ ಅಲ್ಲ, ಬೀಸುವ ಕಲ್ಲಿನಲ್ಲಿ ಮರಳು ಸಿಕ್ಕಂತೆ ಕರಕರ. ಇದಕ್ಕೆ ಸಿ.ಟಿ. ಸ್ಕ್ಯಾನ್ ಖಚಿತ ಉತ್ತರ ಕೊಡುತ್ತದೆ. ಡಿಸ್ಕ್ ನೋಡಲು ಎಂ.ಆರ್.ಐ. ಬೇಕು, ಮಾಮೂಲಿ ಎಕ್ಸ್-ರೇಯಲ್ಲಿ ಅದು ಕಾಣುವುದೇ ಇಲ್ಲ. ಆದರೆ ದವಡೆ ನೋವೆಂದ ಎಲ್ಲರಿಗೂ ಎಂ.ಆರ್.ಐ. ಬೇಡ. ಚಿಕಿತ್ಸೆ ಬದಲಾಗುವುದಾದರೆ ಮಾತ್ರ ಆ ಖರ್ಚಿಗೆ ಅರ್ಥವಿದೆ.

ಕೊನೆಯದು ಬಾಯಿ ಜಾಸ್ತಿ ತೆರೆದು ಸಿಕ್ಕಿಕೊಳ್ಳುವುದು. ಆಕಳಿಸುವಾಗ ದವಡೆ ಗುಳಿಯ ದಿಬ್ಬ ದಾಟಿ ಮುಂದೆ ಹೋಗುತ್ತದೆ. ಕೆಲವರು ತಾವೇ ಅಲುಗಿಸಿ ಕೂರಿಸಿಕೊಳ್ಳುತ್ತಾರೆ. ಆಗದಿದ್ದರೆ ಬಾಯಿ ತೆರೆದೇ ಉಳಿಯುತ್ತದೆ, ಮಾತು ಬರುವುದಿಲ್ಲ, ಜೊಲ್ಲು ಸುರಿಯುತ್ತದೆ. ಮನೆಯವರು ಗಾಬರಿಯಾಗಿ ಗದ್ದಕ್ಕೆ ಮೇಲಕ್ಕೆ ಒತ್ತುತ್ತಾರೆ, ಅದರಿಂದ ನೋವು ಹೆಚ್ಚುತ್ತದೆಯೇ ಹೊರತು ದವಡೆ ಕೂರುವುದಿಲ್ಲ. ವೈದ್ಯರು ಹೆಬ್ಬೆರಳುಗಳನ್ನು ಕೆಳಗಿನ ದವಡೆ ಹಲ್ಲುಗಳ ಮೇಲಿಟ್ಟು ಮೊದಲು ಕೆಳಕ್ಕೆ, ಆಮೇಲೆ ಹಿಂದಕ್ಕೆ ತಳ್ಳುತ್ತಾರೆ. ಗ್ರೀಸಿನ ಹಿಪಾಕ್ರೆಟಿಸ್ ಹೆಸರಿನಲ್ಲಿರುವ ಬಹಳ ಹಳೆಯ ಗ್ರಂಥಗಳಲ್ಲೇ ಈ ಕೈಚಳಕದ ವಿವರಣೆ ಇದೆ. ಇಂದಿಗೂ ಮಾಡುವುದು ಹೆಚ್ಚು ಕಡಿಮೆ ಅದನ್ನೇ. ಮನೆಯಲ್ಲಿ ಪ್ರಯತ್ನಿಸಬೇಡಿ, ಹತ್ತಿರದ ದವಾಖಾನೆಗೆ ಕರೆದುಕೊಂಡು ಹೋಗಿ. ಬೇಗ ಹೋದಷ್ಟೂ ಸುಲಭವಾಗಿ ಕೂರುತ್ತದೆ.

ಬಾಯಿ ತೆರೆಯದ ಎಲ್ಲವೂ ಕೀಲಿನದಲ್ಲ

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಭಾಗದಲ್ಲಿ ಈ ಮಾತಿಗೆ ಬಹಳ ತೂಕವಿದೆ.

ಗುಟ್ಕಾ, ಅಡಕೆ ಹಾಕುವ ಹುಡುಗರು "ಬಾಯಿ ಹಿಡದದ, ರೊಟ್ಟಿ ತುತ್ತು ಒಳಗ ಹೋಗವಲ್ದು" ಎಂದು ಬರುತ್ತಾರೆ. ಕೀಲು ಮುಟ್ಟಿದರೆ ನೋವಿಲ್ಲ, ಸದ್ದಿಲ್ಲ. ಕೆನ್ನೆಯ ಒಳಬದಿ ನೋಡಿದರೆ ಬಿಳಿಚಿಕೊಂಡು ಚಕ್ಕಳದಂತೆ ಗಟ್ಟಿಯಾಗಿರುತ್ತದೆ. ಬೆರಳಾಡಿಸಿದರೆ ಒಳಗೆ ಹುರಿ ಕಟ್ಟಿದಂತೆ ತಗುಲುತ್ತದೆ. ಖಾರ ತಿಂದರೆ ಬಾಯಿ ಉರಿಯುತ್ತದೆ. ಇದು ಸಬ್‌ಮ್ಯೂಕಸ್ ಫೈಬ್ರೋಸಿಸ್. ಅಡಕೆ ಇದರ ಮುಖ್ಯ ಕಾರಣ, ಮುಂದೆ ಬಾಯಿ ಕ್ಯಾನ್ಸರ್ ಆಗುವ ಸಾಧ್ಯತೆ ಇರುವ ಸ್ಥಿತಿ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಆದರೆ ಪಾನ್ ಮಸಾಲಾ ಒಂದು ಚೀಟು, ತಂಬಾಕು ಇನ್ನೊಂದು ಚೀಟು, ಬೆರೆಸಿಕೊಳ್ಳುವುದು ಕೈಯಲ್ಲಿ. ಇಂಥ ಬಾಯಿಗೆ ದವಡೆ ಕೀಲಿನ ಗುಳಿಗೆ ಕೊಟ್ಟು ಕೂತರೆ ಅಮೂಲ್ಯ ತಿಂಗಳುಗಳು ಹೋಗುತ್ತವೆ. ಮೊದಲ ಔಷಧಿ ಅಡಕೆ ಪೂರ್ತಿ ಬಿಡುವುದು. ಜೊತೆಗೆ ಬಾಯಿ ಅಗಲಿಸುವ ವ್ಯಾಯಾಮ, ವೈದ್ಯರ ಚಿಕಿತ್ಸೆ, ಮತ್ತೆ ಮತ್ತೆ ತಪಾಸಣೆ.

ಇನ್ನೊಂದು ಮಕ್ಕಳದು. ಬೇಸಿಗೆಯಲ್ಲಿ ನಮ್ಮ ಕಡೆ ಮಾಳಿಗೆ ಮೇಲೆ ಮಲಗುತ್ತಾರೆ, ಮಕ್ಕಳು ಅಲ್ಲೇ ಆಡುತ್ತಾರೆ, ಬೀಳುತ್ತಾರೆ. ಗದ್ದ ಒಡೆಯುತ್ತದೆ. ಗದ್ದಕ್ಕೆ ಹೊಲಿಗೆ ಹಾಕಿಸಿ ಮನೆಗೆ ಬರುತ್ತಾರೆ. ಆದರೆ ಗದ್ದಕ್ಕೆ ಬಿದ್ದ ಏಟು ಮೂಳೆಯಲ್ಲಿ ಓಡಿ ಕಿವಿಯ ಮುಂದಿನ ತುದಿಯನ್ನು ಮುರಿದಿರಬಹುದು. ಅದನ್ನು ಯಾರೂ ನೋಡಿರುವುದಿಲ್ಲ. ನೋಯುತ್ತದೆ ಎಂದು ಮಗು ಬಾಯಿ ತೆರೆಯುವುದನ್ನೇ ಕಡಿಮೆ ಮಾಡುತ್ತದೆ. ಹಾಗೇ ಬಿಟ್ಟರೆ ಕೀಲು ತಲೆಬುರುಡೆಗೆ ಅಂಟಿ ಮೂಳೆಯೇ ಆಗಿಬಿಡಬಹುದು. ಆಮೇಲೆ ಬಾಯಿ ತೆರೆಯುವುದಿಲ್ಲ, ಕೆಳದವಡೆ ಬೆಳೆಯುವುದಿಲ್ಲ, ಗದ್ದ ಒಳಸರಿದು ಮುಖವೇ ಬೇರೆಯಾಗುತ್ತದೆ, ರಾತ್ರಿ ಉಸಿರಾಟಕ್ಕೂ ತೊಂದರೆ. ಆಗ ಆಪರೇಷನ್ ಬಿಟ್ಟು ದಾರಿಯಿಲ್ಲ. ಕಿವಿಯಲ್ಲಿ ಕೀವಾಗಿ ಅದು ಕೀಲಿಗೆ ಹರಡಿದಾಗಲೂ ಹೀಗಾಗಬಹುದು. ಗದ್ದಕ್ಕೆ ಪೆಟ್ಟಾದ ಮಗುವಿನ ಎರಡೂ ಕೀಲುಗಳ ಎಕ್ಸ್-ರೇ ತೆಗೆಸಿ. ಮುಂದಿನ ಕೆಲವು ತಿಂಗಳು ಬಾಯಿ ಎಷ್ಟು ತೆರೆಯುತ್ತದೆ ಎಂದು ಆ ಮಗುವಿನದೇ ಬೆರಳಿನಿಂದ ಅಳೆಯುತ್ತಿರಿ.

ಮೆಟ್ಟಿಲು ಹತ್ತಿದಾಗ, ನಡೆದಾಗ, ಭಾರ ಎತ್ತಿದಾಗ ದವಡೆ ನೋವು ಬಂದು ನಿಂತಾಗ ಕಡಿಮೆಯಾದರೆ ಅದು ಹೃದಯದ ನೋವಾಗಿರಬಹುದು, ದಂತವೈದ್ಯರ ಹತ್ತಿರ ಅಲ್ಲ, ಸೀದಾ ತುರ್ತು ವಿಭಾಗಕ್ಕೆ ಹೋಗಿ. ಐವತ್ತು ದಾಟಿದವರಲ್ಲಿ ಹೊಸದಾಗಿ ಕಣತಲೆ ನೋವು ಬಂದು, ಜೊತೆಗೆ ಅಗಿಯುವಾಗ ದವಡೆ ಸೋತರೆ ಇಲ್ಲವೇ ಕಣ್ಣು ಮಂಜಾದರೆ ಅದೇ ದಿನ ವೈದ್ಯರನ್ನು ಕಾಣಿ. ಗಾಯವಾದ ಮೇಲೆ ಬಾಯಿ ಬಿಗಿದರೆ ಧನುರ್ವಾಯು ನೆನಪಿರಲಿ. ಜ್ವರ, ಊತ, ಗಡ್ಡೆ, ತುಟಿ ಮರಗಟ್ಟುವುದು ಇದ್ದರೂ ಕಾಯಬೇಡಿ. ಬುದ್ಧಿಹಲ್ಲಿನ ಸುತ್ತ ಕೀವಾದಾಗಲೂ ಬಾಯಿ ಬಿಗಿಯುತ್ತದೆ.

ಕೀಲಿನಾಚೆಗಿನ ಮನುಷ್ಯ

2014ರ ವಿಂಗಡಣೆಗೆ ಎರಡನೆಯ ಅರ್ಧವೊಂದಿದೆ, ಅದನ್ನು ನಾವು ವೈದ್ಯರೇ ಹೆಚ್ಚಾಗಿ ಬಿಟ್ಟುಬಿಡುತ್ತೇವೆ. ನೋವು ಈ ಮನುಷ್ಯನ ಬದುಕನ್ನು ಎಷ್ಟು ಹಿಡಿದಿದೆ? ನಿದ್ದೆ ಹೇಗಿದೆ? ಚಿಂತೆ, ಬೇಸರ ಎಷ್ಟಿದೆ? ಮೈಯಲ್ಲಿ ಬೇರೆ ಕಡೆಯೂ ನೋವಿದೆಯೇ? ಈ ಪ್ರಶ್ನೆಗಳ ಉತ್ತರ ಅಳೆದ ಮಿಲಿಮೀಟರಿನಷ್ಟೇ ಮುಖ್ಯ. ನೋವು ಹಳೆಯದಾಗಿ ಬೇರೂರುತ್ತದೋ ಇಲ್ಲವೋ ಎನ್ನುವುದು ಬಹಳ ಸಲ ಇವುಗಳ ಮೇಲೆ ನಿಂತಿದೆ. ಈ ತೊಂದರೆ ಹೆಂಗಸರಲ್ಲಿ ಗಂಡಸರಿಗಿಂತ ಜಾಸ್ತಿ, ಅದರಲ್ಲೂ 20ರಿಂದ 40ರ ವಯಸ್ಸಿನಲ್ಲಿ. "ಮನಸ್ಸಿನ ಕಾಯಿಲೆ" ಎಂದು ಅವರನ್ನು ಸುಮ್ನೆ ಕಳಿಸುವುದು ತಪ್ಪು. ನೋವು ನಿಜ. ಚಿಂತೆ ಅದನ್ನು ಹೆಚ್ಚಿಸುತ್ತದೆ ಅಷ್ಟೇ.

ರೈತರಿಗೆ ಕೇಳಿದೆ. ಮೊದಲು ಏನೂ ಇಲ್ಲ ಎಂದರು. ಆಮೇಲೆ ಮೆಲ್ಲಗೆ ಬಿಚ್ಚಿಕೊಂಡರು. ತೊಗರಿಗೆ ನೆಟೆ ರೋಗ ಬಿದ್ದು ಹೂವಿನ ಹೊತ್ತಿಗೆ ಗಿಡ ನಿಂತಲ್ಲೇ ಒಣಗಿತ್ತು. ಸಾಲ ಇತ್ತು. ರಾತ್ರಿ ಮೂರಕ್ಕೆ ಎಚ್ಚರವಾಗುತ್ತಿತ್ತು. "ಹಲ್ಲು ಕಚ್ಚಿ ತಡ್ಕೊಂಡೀನ್ರಿ," ಎಂದರು. ಕಷ್ಟ ನುಂಗುವುದಕ್ಕೆ ನಮ್ಮ ಭಾಷೆಯಲ್ಲಿ ಇರುವ ಮಾತು ಅದು. ಅವರ ಕೆನ್ನೆಯ ಸ್ನಾಯು ಆ ಮಾತನ್ನು ಅಕ್ಷರಶಃ ಮಾಡುತ್ತಿತ್ತು.

ಚಿಕಿತ್ಸೆ: ಸಣ್ಣದರಿಂದ ಶುರು

ಹೆಚ್ಚಿನವರ ದವಡೆ ನೋವು ಸರಳ ಕ್ರಮಗಳಿಂದ ಕಡಿಮೆಯಾಗುತ್ತದೆ. ಆದ್ದರಿಂದ ಮೊದಲ ನಿಯಮ: ಹಿಂದೆ ತಿರುಗಿಸಲಾಗದ ಯಾವುದನ್ನೂ ಮೊದಲು ಮಾಡಬಾರದು.

ಹಲ್ಲಿಗೆ ಹಲ್ಲು ತಾಗುವುದು ಊಟದಲ್ಲಿ, ನುಂಗುವಾಗ ಮಾತ್ರ. ಉಳಿದ ಹೊತ್ತು ತುಟಿ ಮುಚ್ಚಿರಬೇಕು, ಹಲ್ಲು ಬಿಟ್ಟಿರಬೇಕು. ಹೇಗೆ ಎಂದು ಗೊತ್ತಾಗದಿದ್ದರೆ "ನ" ಎಂದು ಹೇಳಿ ನಾಲಿಗೆಯನ್ನು ಅಲ್ಲೇ ನಿಲ್ಲಿಸಿ. ನಾಲಿಗೆಯ ತುದಿ ಮೇಲಿನ ಮುಂದಿನ ಹಲ್ಲುಗಳ ಹಿಂದೆ, ಹಲ್ಲುಗಳ ನಡುವೆ ಸ್ವಲ್ಪ ಜಾಗ. ಅದೇ ದವಡೆಯ ವಿಶ್ರಾಂತಿ. ರೈತರು ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆ ಮೇಲೆ, ಮೊಬೈಲಿನ ಹಿಂದೆ, ಬೈಕಿನ ಹ್ಯಾಂಡಲ್ ಮೇಲೆ ಕೆಂಪು ಚುಕ್ಕಿ ಅಂಟಿಸಿಕೊಂಡರು. ಚುಕ್ಕಿ ಕಂಡಾಗಲೆಲ್ಲ ಹಲ್ಲು ಬಿಡಬೇಕು. ಒಂದು ವಾರದಲ್ಲಿ ಬಂದು "ದಿನಾಪೂರಾ ಕಚ್ಚೇ ಇರ್ತಿದ್ದೆ, ನನಗ ಗೊತ್ತೇ ಇದ್ದಿಲ್ಲ," ಎಂದರು.

ಊಟದ ಮಾತು ಹೇಳುವುದು ನಮ್ಮೂರಲ್ಲಿ ಕಷ್ಟ. ಕಡಕ್ ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹುರಿದ ಶೇಂಗಾ, ಹಲ್ಲಿನಿಂದ ಸಿಗಿದು ತಿನ್ನುವ ಕಬ್ಬು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಕೂತು ತಿನ್ನುವ ಆ ಊಟ ಬಿಡಿ ಎಂದು ನಾನು ಹೇಳಲಾರೆ, ನನಗೇ ಬಿಡಲು ಆಗುವುದಿಲ್ಲ. ನೋವು ಜೋರಿರುವ ಎರಡು ಮೂರು ವಾರ ಮಾತ್ರ ಕಡಕ್ ರೊಟ್ಟಿ ಬದಲು ಬಿಸಿ ಮೆತ್ತನೆ ರೊಟ್ಟಿ ತಿನ್ನಿ. ಪುಂಡಿಪಲ್ಯದಲ್ಲೋ ಬೇಳೆಯಲ್ಲೋ ನೆನೆಸಿಕೊಳ್ಳಿ. ನುಚ್ಚು-ಮಜ್ಜಿಗೆ, ಅಂಬಲಿ ಆಗುತ್ತದೆ. ಸಣ್ಣ ತುತ್ತು, ಎರಡೂ ಬದಿಯಲ್ಲಿ ಅಗಿಯಿರಿ. ಆಮೇಲೆ ಮೆಲ್ಲಗೆ ಮಾಮೂಲಿ ಊಟಕ್ಕೆ ಮರಳಿ. ತಿಂಗಳುಗಟ್ಟಲೆ ಗಂಜಿಯಲ್ಲೇ ಇದ್ದರೆ ಸ್ನಾಯು ಸೊರಗುತ್ತದೆ.

ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ ಕೆನ್ನೆಗೆ ಹತ್ತು ಹದಿನೈದು ನಿಮಿಷ, ದಿನಕ್ಕೆ ಎರಡು ಮೂರು ಸಲ. ಆಕಳಿಸುವಾಗ ಗದ್ದದ ಕೆಳಗೆ ಮುಷ್ಟಿ. ಬೋರಲು ಮಲಗುವುದು, ಗದ್ದಕ್ಕೆ ಕೈಕೊಟ್ಟು ಗಂಟೆಗಟ್ಟಲೆ ಮೊಬೈಲ್ ನೋಡುವುದು ಬೇಡ. ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿಟ್ಟು ನಿಧಾನ ಬಾಯಿ ತೆರೆದು ಮುಚ್ಚುವ ವ್ಯಾಯಾಮ, ಒಂದು ಸಲಕ್ಕೆ ಆರು ಬಾರಿ. ನೋವಿನ ಗುಳಿಗೆಗೆ ಜಾಗವಿದೆ, ಕೆಲವೇ ದಿನ, ವೈದ್ಯರು ಹೇಳಿದಷ್ಟು. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಪೆಟ್ಟು.

ಮೂರು ತಿಂಗಳು ದಾಟಿದ ಹಳೆಯ ನೋವಿಗೆ ಏನು ಮಾಡಬೇಕು ಎಂದು 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಮಾರ್ಗಸೂಚಿ ಬಂತು. ಅದು ಗಟ್ಟಿಯಾಗಿ ಬೇಕು ಎಂದದ್ದು ದುಬಾರಿ ಯಂತ್ರಗಳನ್ನಲ್ಲ. ನೋವಿನ ಜೊತೆ ಬದುಕುವ ರೀತಿ ಕಲಿಸುವ ಆಪ್ತಸಮಾಲೋಚನೆ, ಫಿಸಿಯೋಥೆರಪಿಸ್ಟ್ ಕೈಯಿಂದ ಕೀಲು ಸಡಿಲಿಸುವುದು, ಸ್ನಾಯುವಿನ ಗಂಟುಗಳನ್ನು ಒತ್ತಿ ಬಿಡಿಸುವುದು, ಮೇಲ್ವಿಚಾರಣೆಯಲ್ಲಿ ದವಡೆ ಮತ್ತು ಕತ್ತಿನ ವ್ಯಾಯಾಮ, ಧೈರ್ಯ ಹೇಳಿ ವಿವರಿಸುವುದು. ಹಲ್ಲಿನ ಮೇಲೆ ಹಾಕುವ ತೆಗೆಯಬಹುದಾದ ಸ್ಪ್ಲಿಂಟ್, ಬೊಟಾಕ್ಸ್ ಚುಚ್ಚುಮದ್ದು, ಲೇಸರ್ ಇವನ್ನು ಸಾಮಾನ್ಯವಾಗಿ ಬೇಡ ಎಂದಿತು. ಕಚ್ಚುವಿಕೆಯನ್ನೇ ಶಾಶ್ವತವಾಗಿ ಬದಲಿಸುವ ಸ್ಪ್ಲಿಂಟ್, ಡಿಸ್ಕ್ ಕತ್ತರಿಸಿ ತೆಗೆಯುವ ಆಪರೇಷನ್ ಇವನ್ನು ಖಂಡಿತ ಬ್ಯಾಡ ಎಂದಿತು.

ಸ್ಪ್ಲಿಂಟ್ ಬಗ್ಗೆ ನನ್ನ ಅನುಭವದ ಮಾತು ಸೇರಿಸುತ್ತೇನೆ. ರೈತರು ರಾತ್ರಿ ಹಲ್ಲು ಕಡಿಯುತ್ತಾರೆ ಎಂದು ಅವರ ಮನೆಯವರು ಹೇಳಿದರು, ಹಲ್ಲಿನ ತುದಿಗಳೂ ಸವೆದಿದ್ದವು. ಅವರಿಗೆ ಎಲ್ಲ ಹಲ್ಲನ್ನೂ ಮುಚ್ಚುವ ಗಟ್ಟಿ ನೈಟ್ ಗಾರ್ಡ್ ಮಾಡಿಕೊಟ್ಟೆ. ಇದು ಹಲ್ಲು ಉಳಿಸಲಿಕ್ಕೆ, ನೋವಿಗಲ್ಲ ಎಂದು ಬಿಡಿಸಿ ಹೇಳಿಯೇ ಕೊಟ್ಟೆ. ಕೆಲವೇ ಹಲ್ಲು ಮುಚ್ಚುವ ಸಾಧನವನ್ನು ಹಗಲೂ ರಾತ್ರಿ ಹಾಕಿದರೆ ಉಳಿದ ಹಲ್ಲು ಸರಿದು ಕಚ್ಚುವಿಕೆ ಕೆಡುತ್ತದೆ. ದವಡೆ ನೋವಿಗೆಂದು ಕ್ಲಿಪ್ ಹಾಕಿಸಿ, ಹಲ್ಲು ತಗ್ಗಿಸಿ, ಎಲ್ಲ ಹಲ್ಲಿಗೂ ಕ್ಯಾಪ್ ಹಾಕಿಸಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಎರಡನೆಯ ಅಭಿಪ್ರಾಯ ಕೇಳಿ.

ಹೊಸದಾಗಿ ಬಾಯಿ ಕಟ್ಟಿದವರ ಮಾತು ಸ್ವಲ್ಪ ಬೇರೆ. ವ್ಯಾಯಾಮಕ್ಕೆ ಬಗ್ಗದಿದ್ದರೆ ಕೀಲಿನ ಮೇಲಿನ ಅರೆಗೆ ಸೂಜಿ ಹಾಕಿ ದ್ರಾವಣದಿಂದ ತೊಳೆಯುವ ವಿಧಾನವಿದೆ. ಬಾಯಿ ಕಟ್ಟಿದವರಲ್ಲಿ ಇದರಿಂದ ಆದ ಲಾಭವನ್ನು ಮೊದಲು ವರದಿ ಮಾಡಿದ್ದು 1991ರಲ್ಲಿ. ಕೀಲು ಬಿಚ್ಚುವ ಆಪರೇಷನ್ನಿಗೆ ಹೋಲಿಸಿದರೆ ಬಹಳ ಚಿಕ್ಕದು. ದೊಡ್ಡ ಆಪರೇಷನ್ ಬೇಕಾಗುವುದು ಕೀಲು ಅಂಟಿದಾಗ, ಗಡ್ಡೆಯಾದಾಗ, ಮೂಳೆ ತೀರ ಹಾಳಾದಾಗ. ಅವಸರದ ಬೆಲೆ ಏನು ಎಂದು ಅಮೆರಿಕ ನೋಡಿದೆ. 1980ರ ದಶಕದಲ್ಲಿ ಡಿಸ್ಕ್ ತೆಗೆದು ಅದರ ಜಾಗದಲ್ಲಿ ಟೆಫ್ಲಾನ್ ಇರುವ ಕೃತಕ ಹಾಳೆ ಇಟ್ಟರು. ಅಗಿಯುವ ಒತ್ತಡಕ್ಕೆ ಅದು ಪುಡಿಯಾಗಿ, ಆ ಪುಡಿಗೆ ದೇಹ ತಿರುಗಿಬಿದ್ದು ಸುತ್ತಲಿನ ಮೂಳೆ ಕರಗಿತು. 1990ರ ದಶಕದ ಆರಂಭದಲ್ಲಿ ಅವನ್ನು ವಾಪಸ್ ಪಡೆಯಬೇಕಾಯಿತು. ಮಾಮೂಲಿ ಚಿಕಿತ್ಸೆಗೆ ವಾಸಿಯಾಗಬಹುದಾಗಿದ್ದ ಎಷ್ಟೋ ಜನ ಜೀವನವಿಡೀ ನೋವಿನಲ್ಲಿ ಉಳಿದರು.

ಕಲಬುರಗಿಯಲ್ಲಿ ದಂತ ಕಾಲೇಜುಗಳಿವೆ. ಅಲ್ಲಿಗೆ ಹೋದರೆ ಓರಲ್ ಮೆಡಿಸಿನ್ ವಿಭಾಗ ಎಲ್ಲಿದೆ ಎಂದು ಕೇಳಿ, ಆಪರೇಷನ್ನಿನ ಮಾತು ಬಂದರೆ ಓರಲ್ ಸರ್ಜರಿ ವಿಭಾಗ. ಬೀದರ, ಯಾದಗಿರಿ ಕಡೆಯಿಂದ ಬರುವವರು ಹಳೆಯ ಎಕ್ಸ್-ರೇ, ನುಂಗಿದ ಗುಳಿಗೆಗಳ ಖಾಲಿ ಸ್ಟ್ರಿಪ್ ಜೊತೆಗೆ ತನ್ನಿ. ನೋವು ಯಾವ ಹೊತ್ತಿಗೆ ಜಾಸ್ತಿ, ಕಟಕ್ ಯಾವಾಗ ಶುರುವಾಯಿತು, ಯಾವಾಗ ನಿಂತಿತು, ಬಾಯಿ ಎಷ್ಟು ಬೆರಳು ತೆರೆಯುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಎಂ.ಆರ್.ಐ.ಗಿಂತ ಮೊದಲು ನಮಗೆ ಬೇಕಾಗುವುದು ಆ ಚೀಟಿ.

ಹುಡುಗಿಗೆ ಕೀಲು ತೊಳೆಯುವ ತನಕ ಹೋಗಬೇಕಾಗಲಿಲ್ಲ. ಒಂದು ವಾರ ಗುಳಿಗೆ, ದಿನವೂ ಬಿಸಿ ಟವೆಲ್, ವಾರಕ್ಕೆ ಎರಡು ಸಲ ಫಿಸಿಯೋಥೆರಪಿ, ಮನೆಯಲ್ಲಿ ವ್ಯಾಯಾಮ. ಪ್ರತಿ ಸಲ ಅಳೆದು ಅವಳ ವಹಿಯಲ್ಲೇ ಬರೆಯುತ್ತಿದ್ದೆ. 27, 30, 30, 34. ಆ ಎರಡನೆಯ 30ರ ದಿನ ಮತ್ತೆ ಅತ್ತಳು. ಯುಗಾದಿ ಹೊತ್ತಿಗೆ 38 ಆಯಿತು. ಕೊನೆಗೆ ಅಳೆದಾಗ 41. ಗದ್ದ ಈಗಲೂ ಸ್ವಲ್ಪ ಎಡಕ್ಕೆ ವಾಲುತ್ತದೆ, ಕಟಕ್ ಸದ್ದು ಮರಳಿ ಬಂದಿಲ್ಲ. ಡಿಸ್ಕ್ ಮುಂದೆಯೇ ಇದೆ ಎಂದು ಅದರ ಅರ್ಥ. "ಇರ್ಲಿ ಬಿಡ್ರಿ ಮೇಡಂ," ಎಂದಳು, "ಮಿರ್ಚಿ ಭಜಿ ಹಿಡಸ್ತದ ಈಗ."